ಬಿಡುಗಡೆಯೂ ಅಭಯದಾನವೂ

ಆಹಾರ, ಔಷಧ, ಶಾಸ್ತ್ರ, ಅಭಯವೆಂದು ಶ್ರಾವಕನಿಗೆ ವಿಹಿತವಾದ ನಾಲ್ಕು ದಾನಗಳಲ್ಲಿ ಅಭಯದಾನದ ಚರಿತ್ರೆ ಬಹು ಸ್ವಾರಸ್ಯವಾದುದು. ವಿವಾಹಸಂದರ್ಭದಲ್ಲಿ ಕೂಡಿಹಾಕಿದ್ದ ಮೃಗಗಳ ಆರ್ತನಾದವನ್ನು ಕೇಳಿ ನೇಮಿಕುಮಾರನು ರಥವನ್ನು ತಿರುಗಿಸಿದ ಪುರಾಣಕಥೆ ಎಲ್ಲ ಮನೆಗಳಲ್ಲಿಯೂ ಪರಿಚಿತ. ಇತಿಹಾಸದ ಕಾಲಕ್ಕೆ ಬಂದರೆ, 1583ರ ಸುಮಾರಿಗೆ ಶ್ವೇತಾಂಬರ ಆಚಾರ್ಯ ಹೀರವಿಜಯ ಸೂರಿಗಳು ಫತೇಪುರ ಸಿಕ್ರಿಯಲ್ಲಿ ಅಕ್ಬರನನ್ನು ಕಂಡರು. ಅವರ ಉಪದೇಶದ ಫಲವಾಗಿ ಬಾದಶಹನು ಪಂಜರದ ಪಕ್ಷಿಗಳನ್ನು ಬಿಡಿಸಿದನು. ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದನು. ಅಂದಿನ ಕಾಲಕ್ಕೆ ಪಂಜರದ ಹಕ್ಕಿಯೆಂದರೆ ಬಹುಮಟ್ಟಿಗೆ ಅದೇ ಸೀಮೆಯ ಕಾಡುಮೇಡುಗಳಲ್ಲಿ ಹಿಡಿದ ಹಕ್ಕಿ. ಬಾಗಿಲು ತೆರೆದರೆ ಅದು ತನ್ನ ಮನೆಗೇ ಹಾರಿಹೋಗುತ್ತಿತ್ತು.

ಜೀವದಯೆಯ ಇನ್ನೊಂದು ಮಾರ್ಗವೂ ಇದರ ಜೊತೆಯಲ್ಲಿಯೇ ಬೆಳೆಯಿತು. ಗುಜರಾತಿನ ಊರುಗಳಲ್ಲಿ ಹಿಂದಿನಿಂದ ನಡೆದುಬಂದ ಪಾಂಜರಾಪೋಳಗಳು ಮುದಿಯಾದ, ಕುಂಟಾದ, ಒಡೆಯನಿಗೆ ಬೇಡವಾದ ಪ್ರಾಣಿಗಳನ್ನು ಕಡೆಯ ಉಸಿರಿನವರೆಗೂ ಸಲಹುತ್ತಿದ್ದವು. ಮುಂಬಯಿಯ ಪಾಂಜರಾಪೋಳ 1834ರಲ್ಲಿ ಸ್ಥಾಪನೆಯಾಯಿತು. ಪಾರ್ಸಿ ವರ್ತಕರಾದ ಜಮ್ಶೇಟ್‌ಜೀ ಜೀಜೀಭಾಯ್ ಅದರ ಸ್ಥಾಪಕರಲ್ಲಿ ಒಬ್ಬರೆಂಬುದು ಗಮನಾರ್ಹ. ಇಲ್ಲಿ ಪ್ರಾಣಿಗೆ ದೊರೆಯುತ್ತಿದ್ದುದು ಬಿಡುಗಡೆಯಲ್ಲ, ಪೋಷಣೆ. ಕೀರ್ತಿಯೆಲ್ಲವೂ ಬಿಡುಗಡೆಗೇ ಸಂದಿತು; ಖರ್ಚೂ ಶ್ರಮವೂ ಪಾಂಜರಾಪೋಳದ ಪಾಲಿಗೆ ಬಂದವು. ಈ ಎರಡು ಮಾರ್ಗಗಳ ಭೇದವನ್ನು ಸ್ಪಷ್ಟಪಡಿಸುವಂತಹ ಪ್ರಸಂಗ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಒಂದು ಸಣ್ಣ ಆಮೆಯ ರೂಪದಲ್ಲಿ ಬಂದೊದಗಿತು.

ಅಮೆರಿಕದ ಮಿಸಿಸಿಪಿ ನದಿಯ ಕಣಿವೆಯಲ್ಲಿ ವಾಸಿಸುವ ಈ ಆಮೆಯ ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುತ್ತದೆ; ಅದರಿಂದಲೇ ರೆಡ್ ಇಯರ್ಡ್ ಸ್ಲೈಡರ್ ಎಂಬ ಹೆಸರು. ಮರಿಯಾಗಿದ್ದಾಗ ನಾಣ್ಯದಷ್ಟಗಲ, ಹಸುರು ಬಣ್ಣ, ನೋಡಲು ಮುದ್ದು. ಲೂಯಿಸಿಯಾನ ರಾಜ್ಯದಲ್ಲಿ ಇದನ್ನು ಸಾಕಿ ಮಾರುವ ಕೇಂದ್ರಗಳೇ ಹುಟ್ಟಿಕೊಂಡವು. ಮಕ್ಕಳಿಗೆ ಆಮೆಮರಿಗಳಿಂದ ಸಾಲ್ಮೊನೆಲ್ಲಾ ರೋಗ ತಗಲುವುದೆಂದು ಅಮೆರಿಕ ಸರಕಾರ 1975ರಲ್ಲಿ ನಾಲ್ಕಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ತನ್ನ ದೇಶದಲ್ಲಿ ನಿಷೇಧಿಸಿತು. ತನ್ನ ಮಕ್ಕಳಿಗೆ ಅಪಾಯಕರವೆನಿಸಿದ ವಸ್ತುವನ್ನು ಹೊರದೇಶಗಳಿಗೆ ಮಾರಲು ಮಾತ್ರ ಅಡ್ಡಿಯಿರಲಿಲ್ಲ! 1989ರಿಂದ 1997ರವರೆಗೆ ಸುಮಾರು 5 ಕೋಟಿ 20 ಲಕ್ಷ ಆಮೆಗಳು ಅಲ್ಲಿಂದ ರಫ್ತಾದವೆಂದು ಲೆಕ್ಕವಿದೆ.

ನಾಣ್ಯದಷ್ಟಿದ್ದ ಮರಿ ಕೆಲವು ವರ್ಷಗಳಲ್ಲಿ ಗೇಣುದ್ದ ಬೆಳೆಯುತ್ತದೆ. ಗಾಜಿನ ತೊಟ್ಟಿ ಸಾಲದಾಗುತ್ತದೆ, ನೀರು ನಾರುತ್ತದೆ, ಮಕ್ಕಳಿಗೆ ಬೇಸರ ಬರುತ್ತದೆ. ಆಮೆಯ ಆಯುಸ್ಸಾದರೋ ಇಪ್ಪತ್ತು ಮೂವತ್ತು ವರ್ಷ. ಕೊಲ್ಲಲು ಮನಸ್ಸು ಬಾರದವನು ಅದನ್ನು ಹತ್ತಿರದ ಕೆರೆಗೆ ಬಿಡುತ್ತಾನೆ. ಯುರೋಪಿನಲ್ಲಿಯೂ ಜಪಾನಿನಲ್ಲಿಯೂ ನಡೆದುದು ಇದೇ. ಬಿಸಿಲು ಕಾಯಲು ಏರುವ ಕಲ್ಲು, ಮರದ ತುಂಡುಗಳಿಂದ ಅದು ಸ್ಥಳೀಯ ಆಮೆಗಳನ್ನು ತಳ್ಳುತ್ತದೆ. ಹುಳು, ಕಪ್ಪೆಮರಿ, ಸಣ್ಣ ಮೀನು, ನೀರುಸಸ್ಯ ಎಲ್ಲವನ್ನೂ ತಿನ್ನುತ್ತದೆ. ಯುರೋಪಿನ ಒಕ್ಕೂಟ 1997ರಲ್ಲಿ ಇದರ ಆಮದನ್ನು ತಡೆಯಿತು. ಜಪಾನು 2023ರಲ್ಲಿ ಮಾರಾಟವನ್ನೂ ಬಯಲಿಗೆ ಬಿಡುವುದನ್ನೂ ನಿಷೇಧಿಸಿತು. ಮನೆಯಲ್ಲಿ ಈಗಾಗಲೇ ಇರುವುದನ್ನು ಸಾಕಿಕೊಳ್ಳಲು ಮಾತ್ರ ಅನುಮತಿಯಿತ್ತಿತು.

ಬೇಸರದಿಂದ ಬಿಟ್ಟವರ ಮಾತು ಹೀಗಾಯಿತು. ಪುಣ್ಯಬುದ್ಧಿಯಿಂದ ಬಿಟ್ಟವರ ಉದಾಹರಣೆಯೂ ಇದೆ. 2015ರಲ್ಲಿ ಇಂಗ್ಲೆಂಡಿನ ಬ್ರೈಟನ್ ತೀರದಲ್ಲಿ ಕೆಲವು ಬೌದ್ಧರು ಆಹಾರಕ್ಕಾಗಿ ತರಿಸಿದ್ದ ನೂರಾರು ಅಮೆರಿಕದ ಲಾಬ್‌ಸ್ಟರುಗಳನ್ನೂ ಏಡಿಗಳನ್ನೂ ಕೊಂಡು, ಪ್ರಾಣ ಉಳಿಸಿದೆವೆಂಬ ಭಾವದಿಂದ ಸಮುದ್ರಕ್ಕೆ ಬಿಟ್ಟರು. ಅವು ಆ ಕಡಲಿನವಲ್ಲ. ಅಲ್ಲಿನ ಜೀವಿಗಳಿಗೆ ಅಪಾಯವೆಂದು ಸರಕಾರ ಮೀನುಗಾರರಿಂದ ಅವನ್ನು ಮತ್ತೆ ಹಿಡಿಸಬೇಕಾಯಿತು. 2017ರಲ್ಲಿ ಇಬ್ಬರಿಗೆ ನ್ಯಾಯಾಲಯ ದಂಡ ವಿಧಿಸಿತು. ಅವರ ಕರುಣೆಯಲ್ಲಿ ಸಂದೇಹವಿರಲಿಲ್ಲ. ಕರುಣೆ ಕೈಯಲ್ಲಿದ್ದ ಜೀವಿಯವರೆಗೆ ಮಾತ್ರ ಹೋಗಿ ನಿಂತಿತ್ತು, ನೀರಿನೊಳಗಿನ ಜೀವಿಗಳನ್ನು ತಲುಪಲಿಲ್ಲ.

ಜೈನ ಶ್ರಾವಕಾಚಾರಗಳಲ್ಲಿ ಈ ವಿಷಯ ಹೊಸತೇನಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ, ಪ್ರಾಣಿಯನ್ನು ಕಟ್ಟಿಹಾಕುವುದು. ವಿನೋದಕ್ಕಾಗಿ ಆಮೆಯನ್ನು ಗಾಜಿನ ತೊಟ್ಟಿಯಲ್ಲಿಟ್ಟಾಗಲೇ ದೋಷ ಆರಂಭವಾಗಿರುತ್ತದೆ. ಅನರ್ಥದಂಡಗಳಲ್ಲಿ ಹಿಂಸಾದಾನವೆಂಬುದೊಂದಿದೆ, ಹಿಂಸೆಯ ಸಾಧನವನ್ನು ಒದಗಿಸುವುದೇ ಅದು. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷಾಗ್ರಂಥ ಇದರಲ್ಲಿಯೇ ಸೇರಿಸುತ್ತದೆ. ಪ್ರಾಣಿಯ ಮೇಲೆ ದ್ವೇಷವಿದ್ದು ಹಾಗೆಂದುದಲ್ಲ; ಅದು ಹಿಡಿಯುವ ಇತರ ಪ್ರಾಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡುದು. ತಾನು ತಂದ ಪರದೇಶದ ಆಮೆಯನ್ನು ಕೆರೆಗೆ ಬಿಡುವವನು ಆ ಕೆರೆಯ ಕಪ್ಪೆಮರಿಗಳ ಅಭಯವನ್ನು ಕಸಿದುಕೊಂಡು ಆಮೆಗೆ ದಾನಮಾಡುತ್ತಾನೆ.

ಈ ಮಾತು ದೇವಸ್ಥಾನದ ಆಡಳಿತ ಮಂಡಳಿಗಳಿಗೆ ನೇರವಾಗಿ ಸಂಬಂಧಿಸಿದುದು. ಮೀನು ಹಿಡಿಯದ, ಆಮೆ ಕೊಲ್ಲದ ಪವಿತ್ರಜಲವೆಂದೇ ಜನ ಇಂತಹ ಪ್ರಾಣಿಗಳನ್ನು ಅಲ್ಲಿಗೆ ತರುತ್ತಾರೆ. ಗುವಾಹಟಿಯ ಉಗ್ರತಾರಾ ದೇವಾಲಯದ ಕೊಳದಲ್ಲಿ 2018ರಲ್ಲಿ ಈ ಆಮೆ ಕಂಡುಬಂದಿತು. ಶ್ರವಣಬೆಳಗೊಳದ ಕಲ್ಯಾಣಿ, ಹುಂಚದ ಮುತ್ತಿನ ಕೆರೆ, ವರಂಗದ ಕೆರೆ ಬಸದಿಯ ಸುತ್ತಲಿನ ನೀರು ಇವೆಲ್ಲವೂ ಅದೇ ಬಗೆಯ ಆಶ್ರಯಗಳು. ಎಚ್ಚರ ಮೊದಲೇ ಇರುವುದು ಲೇಸು. ಭಾರತದಲ್ಲಿ 1972ರ ವನ್ಯಜೀವಿ ಕಾಯಿದೆ ದೇಶೀಯ ಆಮೆಗಳಲ್ಲಿ ಹಲವನ್ನು ರಕ್ಷಿಸಿದರೂ ಪರದೇಶದ ಆಮೆ ಅದರ ವ್ಯಾಪ್ತಿಗೆ ಬಂದಿರಲಿಲ್ಲ. 2022ರ ತಿದ್ದುಪಡಿ ಇಂತಹ ಆಕ್ರಮಣಕಾರಿ ಜೀವಿಗಳ ಆಮದು, ವ್ಯಾಪಾರಗಳನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ.

ಈಗಾಗಲೇ ಮನೆಗಳಲ್ಲಿರುವ ಆಮೆಗಳ ಗತಿಯೇನು? ಇಲ್ಲಿ ನೆರವಾಗುವುದು ಅಕ್ಬರನ ಫರ್ಮಾನಲ್ಲ, ಪಾಂಜರಾಪೋಳ. ಕೆರೆಗೂ ಹಳ್ಳಕ್ಕೂ ಸಂಬಂಧವಿಲ್ಲದ ಒಂದು ತೊಟ್ಟಿ, ಬಿಸಿಲು ಬೀಳುವ ಕಲ್ಲು, ದಾಟಲಾಗದ ಗೋಡೆ ಇವಿಷ್ಟನ್ನು ಒಂದು ಟ್ರಸ್ಟು ಒದಗಿಸಬಲ್ಲದು. ಅಲ್ಲಿ ಸಂತತಿ ಬೆಳೆಯದಂತೆ ಗಂಡುಹೆಣ್ಣುಗಳನ್ನು ಬೇರೆಬೇರೆ ಇರಿಸಬೇಕು. ಬೆಳೆದ ಗಂಡಿನ ಮುಂಗಾಲಿನ ಉಗುರುಗಳು ಎದ್ದುಕಾಣುವಷ್ಟು ಉದ್ದವಾಗಿರುವುದರಿಂದ ಗುರುತಿಸುವುದು ಕಷ್ಟವಲ್ಲ.