ಕಟ್ಟೆ ತುಂಬಿದ ಮೇಲೆ ಹರಿಗೋಲು: ಕಾವೇರಿಯ ಹೊರಹರಿವಿನ ಬಗ್ಗೆ ಒಂದು ಟಿಪ್ಪಣಿ

2025ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಬೇಸಿಗೆ ಮಳೆ ಜೋರಾಗಿಯೇ ಬಿತ್ತು. ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಿತು. ಜೂನ್ ಕೊನೆಯ ಹೊತ್ತಿಗೆ ಕೃಷ್ಣರಾಜಸಾಗರ, ಅಂದರೆ ಕನ್ನಂಬಾಡಿ ಕಟ್ಟೆ, ತನ್ನ ಗರಿಷ್ಠ ಮಟ್ಟವಾದ 124.80 ಅಡಿ ಮುಟ್ಟಿತು. 30ರಂದು ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದರು. ಜೂನ್‌ನಲ್ಲೇ ತುಂಬುವುದು ಈ ಕಟ್ಟೆಯ ಮಟ್ಟಿಗೆ ತೀರ ಅಪರೂಪ. 2023ರ ಬರದಲ್ಲಿ ಕಟ್ಟೆ ತುಂಬದೆ ಹೋದದ್ದನ್ನು ಅನುಭವಿಸಿದ ಮಂಡ್ಯದ ರೈತರಿಗೆ ಇದು ದೊಡ್ಡ ನೆಮ್ಮದಿ. ಕಟ್ಟೆಯ ಕೆಳಗೆ ದೋಣಿ, ಹರಿಗೋಲು ನಡೆಸುವವರಿಗೆ ಮಾತ್ರ ಅದೇ ಸುದ್ದಿ ಅಪಾಯದ ದಿನಗಳು ಬೇಗ ಶುರುವಾದವು ಎಂಬ ಸೂಚನೆ. ಏಕೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಪೂರ್ಣ ಮಟ್ಟದಲ್ಲಿ ಕನ್ನಂಬಾಡಿಯ ನೀರು ಸುಮಾರು 130 ಚದರ ಕಿಲೋಮೀಟರ್ ಹರಡಿರುತ್ತದೆ. ಅಂದರೆ ಮೇಲ್ತುದಿಯ ಒಂದು ಅಡಿಯಲ್ಲಿ ಹೆಚ್ಚುಕಡಿಮೆ 1.4 ಟಿಎಂಸಿ ನೀರು ನಿಲ್ಲುತ್ತದೆ. ಒಂದು ಲಕ್ಷ ಕ್ಯೂಸೆಕ್ ಹರಿವು ಒಂದು ದಿನ ನಡೆದರೆ 8.64 ಟಿಎಂಸಿ. ಈಗ ಒಂದು ಕಲ್ಪಿತ ಸಂದರ್ಭ ತೆಗೆದುಕೊಳ್ಳೋಣ. ಕಟ್ಟೆ ತುಂಬಲು ಒಂದೇ ಅಡಿ ಬಾಕಿ ಇದೆ, ಒಳಹರಿವು 50 ಸಾವಿರ, ಹೊರಹರಿವು 30 ಸಾವಿರ ಕ್ಯೂಸೆಕ್. ಆ ಒಂದು ಅಡಿ ತುಂಬಲು ಸುಮಾರು 19 ಗಂಟೆ ಸಾಕು. ಕೊಡಗಿನಲ್ಲಿ ಮಳೆ ಬಲಿತು ಒಳಹರಿವು ಒಂದು ಲಕ್ಷಕ್ಕೆ ಏರಿದರೆ ಸುಮಾರು ಐದೂವರೆ ಗಂಟೆಯಲ್ಲಿ ತುಂಬುತ್ತದೆ. ಅದೇ ಕಟ್ಟೆ 120 ಅಡಿಯಲ್ಲಿದ್ದಿದ್ದರೆ ಸುಮಾರು 6.5 ಟಿಎಂಸಿ ಜಾಗ ಖಾಲಿ ಇರುತ್ತಿತ್ತು. ಅಷ್ಟೇ ಪ್ರವಾಹವನ್ನು ಅದು ಒಂದು ದಿನಕ್ಕೂ ಹೆಚ್ಚು ಕಾಲ ತಡೆದುಕೊಳ್ಳುತ್ತಿತ್ತು. ಆ ಒಂದು ದಿನದಲ್ಲಿ ಶ್ರೀರಂಗಪಟ್ಟಣದ ಘಟ್ಟಗಳಲ್ಲಿ ಜನರನ್ನು ಎಚ್ಚರಿಸಬಹುದು, ದೋಣಿಗಳನ್ನು ಮೇಲೆಳೆದು ಕಟ್ಟಬಹುದು.

ಕಟ್ಟೆ ತುಂಬಿದ ಮೇಲೆ ಒಳಹರಿವೇ ಹೊರಹರಿವು. ಭಾಗಮಂಡಲದ ಕಡೆಯ ಮಳೆ, ಹಾರಂಗಿ, ಹೇಮಾವತಿ ಕಟ್ಟೆಗಳು ಬಿಟ್ಟ ನೀರು, ಲಕ್ಷ್ಮಣತೀರ್ಥದ ಪ್ರವಾಹ ಎಲ್ಲವೂ ಹೆಚ್ಚಿನ ತಡೆಯಿಲ್ಲದೆ ಕೆಳಗಿನ ಹೊಳೆಗೆ ಇಳಿಯುತ್ತದೆ. ಜೂನ್‌ನಲ್ಲೇ ತುಂಬಿತೆಂದರೆ ಮಳೆಗಾಲದ ಗಟ್ಟಿ ತಿಂಗಳುಗಳಾದ ಜುಲೈ ಮತ್ತು ಆಗಸ್ಟ್ ಪೂರ್ತಿ ಈ ಸ್ಥಿತಿಯಲ್ಲೇ ಕಳೆಯಬೇಕು. ತಿಂಗಳಿಗೆ ಇಷ್ಟು ಮಟ್ಟ ಎಂದು ಮೊದಲೇ ರೇಖೆ ಹಾಕಿಕೊಂಡು, ಎಂಜಿನಿಯರುಗಳು ರೂಲ್ ಕರ್ವ್ ಎನ್ನುವ ಆ ರೇಖೆಯಂತೆ ಒಂದಷ್ಟು ಜಾಗ ಖಾಲಿ ಬಿಡುವುದು ಇದಕ್ಕೆ ಪರಿಹಾರ. ಆದರೆ 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ವರ್ಷಕ್ಕೆ 177.25 ಟಿಎಂಸಿ ನೀರು ತಮಿಳುನಾಡು ಗಡಿಯ ಬಿಳಿಗುಂಡ್ಲು ದಾಟಬೇಕಾದ, ಸ್ವಂತ ನಾಲೆಗಳಿಗೂ ಬೆಂಗಳೂರು, ಮೈಸೂರುಗಳ ನಲ್ಲಿಗಳಿಗೂ ನೀರು ಉಳಿಸಬೇಕಾದ ಈ ಹೊಳೆಯಲ್ಲಿ, ಮುಂದಿನ ಮಳೆಯನ್ನು ನಂಬಿ ಜೂನ್‌ನಲ್ಲಿ ಐದು ಅಡಿ ಬಿಟ್ಟುಕೊಡು ಎಂದು ಯಾವ ಅಧಿಕಾರಿಗೂ ಸುಲಭವಾಗಿ ಹೇಳಲಾಗದು. ಅವರ ಇಕ್ಕಟ್ಟು ನಿಜವಾದದ್ದು. ಆದ್ದರಿಂದಲೇ ಎಚ್ಚರಿಕೆಯ ಭಾರ ಹೆಚ್ಚಾಗಿ ಕೆಳಗಿನ ದಡಗಳ ಮೇಲೆ ಬೀಳುತ್ತದೆ.

ಈ ದಡಗಳಲ್ಲಿ ಅಪಾಯ ಹೆಚ್ಚಿಸುವುದು ಹಳೆಯ ಒಡ್ಡುಗಳು. ಕನ್ನಂಬಾಡಿಯಿಂದ ಶ್ರೀರಂಗಪಟ್ಟಣದವರೆಗೆ ಬಲಮುರಿ, ಬಂಗಾರದೊಡ್ಡಿ ಮೊದಲಾದ ಕಡೆ ನಾಲೆಗೆ ನೀರು ತಿರುಗಿಸಲು ಹಿಂದಿನವರು ಹೊಳೆಗೆ ಅಡ್ಡಲಾಗಿ ಕಲ್ಲು ಕಟ್ಟಿದ್ದಾರೆ. ರಂಗನತಿಟ್ಟಿನ ನಡುಗಡ್ಡೆಗಳು ರೂಪುಗೊಂಡದ್ದೇ 17ನೇ ಶತಮಾನದ ಅಂಥದೊಂದು ಒಡ್ಡಿನಿಂದ. ಹರಿವು ಕಡಿಮೆ ಇದ್ದಾಗ ಒಡ್ಡು ಎಲ್ಲಿದೆ, ನೀರು ಎಲ್ಲಿ ಧುಮುಕುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಹರಿವು ಹೆಚ್ಚಿದಾಗ ಒಡ್ಡು ಮುಳುಗಿ ಮೇಲ್ಮೈ ನಯವಾಗುತ್ತದೆ. ಅದರ ಕೆಳಬದಿಯಲ್ಲಿ ಮಾತ್ರ ನೀರು ಹಿಂದಕ್ಕೆ ಸುರುಳಿ ಸುತ್ತುತ್ತ, ಸಿಕ್ಕಿದ ವಸ್ತುವನ್ನು ಹೊರಬಿಡದೆ ಮತ್ತೆಮತ್ತೆ ಒಳಗೆಳೆಯುತ್ತದೆ. ಇಂಥ ಜಾಗದಲ್ಲಿ ಲೈಫ್ ಜಾಕೆಟ್ ತೊಟ್ಟವರೂ ಪಾರಾಗುವುದು ಕಷ್ಟ. ನೀರು ಏರಿದಷ್ಟೂ ಹೊಳೆ ಶಾಂತವಾಗಿ ಕಾಣುವ ಈ ಜಾಗಗಳನ್ನೇ ನಾನು ಈ ಭಾಗದ ಅತಿ ಕೆಟ್ಟ ಜಾಗಗಳೆಂದು ಎಣಿಸುತ್ತೇನೆ.

ಹರಿಗೋಲಿನ ರಚನೆಯನ್ನೂ ಗಮನಿಸಬೇಕು. ಅದಕ್ಕೆ ಮೂತಿಯಿಲ್ಲ, ಅಡಿದಿಂಡಿಲ್ಲ. ಬಿದಿರಿನ ಹೆಣಿಗೆ, ಮೇಲೆ ಒಂದು ಹೊದಿಕೆ, ಅಂಬಿಗನ ಕೈಯಲ್ಲಿ ಒಂದೇ ಹುಟ್ಟು. ಕಡಿಮೆ ಆಳದ ಬಂಡೆಗಳ ನಡುವೆ ಅದಕ್ಕಿಂತ ಒಳ್ಳೆಯ ವಾಹನವಿಲ್ಲ. ಅನುಭವಿ ಅಂಬಿಗರು ದಡದ ಗುಂಟ ಮೇಲಕ್ಕೆ ಹೋಗಿ, ಅಲ್ಲಿಂದ ಓರೆಯಾಗಿ ಬಿಟ್ಟು, ಸೆಳೆತದ ಜೊತೆ ಇಳಿಯುತ್ತ ಆಚೆ ದಡ ಮುಟ್ಟುತ್ತಾರೆ. ನೀರಿನ ವೇಗ ಇಮ್ಮಡಿಯಾದರೆ ಅದರ ನೂಕುಬಲ ನಾಲ್ಮಡಿಯಾಗುತ್ತದೆ. ಅಂಬಿಗನ ತೋಳಿನ ಬಲ ಅಷ್ಟೇ ಇರುತ್ತದೆ. ನಿನ್ನೆ ದಾಟಿಸಿದ ಅದೇ ಮನುಷ್ಯ, ಅದೇ ಹರಿಗೋಲು ಇವತ್ತು ದಾಟಿಸಲಾರದೆ ಹೋಗುವುದು ಹೀಗೆ.

ಕಟ್ಟೆಯ ಮೇಲ್ಗಡೆಯ ಹಿನ್ನೀರಿನಲ್ಲಿ ಸಮಸ್ಯೆ ಬೇರೆ. ಅಲ್ಲಿ ಹೊರಹರಿವಿಗಿಂತ ಮಟ್ಟ ಮುಖ್ಯ. ಕಬಿನಿ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಒಣಮರದ ಬೊಡ್ಡೆಗಳು, ಮಳೆ ಬಂದು ಮಟ್ಟ ಏರುತ್ತಿದ್ದಂತೆ ನೀರಿನ ತುಸು ಕೆಳಗೆ ಅಡಗುತ್ತವೆ. ಮೋಟಾರು ದೋಣಿಗೆ ಬೇಸಿಗೆಗಿಂತ ಈ ಅರೆತುಂಬಿದ ವಾರಗಳೇ ಹೆಚ್ಚು ಅಪಾಯ. ಇನ್ನು 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಪೆರಿಯಾರ್ ಜಲಾಶಯದಲ್ಲಿ ದೋಣಿ ಮಗುಚಿ 45 ಮಂದಿ ಸತ್ತಾಗ ಕಾರಣವಾದದ್ದು ಪ್ರವಾಹವಲ್ಲ. ಹೆಚ್ಚಿನ ಜನ, ಮತ್ತು ಪ್ರಾಣಿಗಳನ್ನು ನೋಡಲು ಅವರೆಲ್ಲ ಒಂದೇ ಬದಿಗೆ ಸರಿದದ್ದು.

ಗೇಟುಗಳೂ ಯಾವಾಗಲೂ ಮನುಷ್ಯನ ಮಾತು ಕೇಳುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಯಾರೂ ತೀರ್ಮಾನಿಸದ ನೀರು ಹೊಳೆಗೆ ಇಳಿಯಿತು. ಕೆಳಗಿನ ಹಂಪಿ, ಆನೆಗೊಂದಿಗಳು ಹರಿಗೋಲಿನ ಊರುಗಳು.

ಅನುಸರಿಸಬಹುದಾದ ಮಾದರಿ ಹತ್ತಿರದಲ್ಲೇ ಇದೆ. ಬಿಳಿಗುಂಡ್ಲುವಿನ ಕೇಂದ್ರ ಜಲ ಆಯೋಗದ ಮಾಪನದಲ್ಲಿ ಹರಿವು ಏರಿತೆಂದರೆ ಧರ್ಮಪುರಿ ಜಿಲ್ಲಾಡಳಿತ ಹೊಗೇನಕಲ್‌ನಲ್ಲಿ ಹರಿಗೋಲು ನಿಲ್ಲಿಸುತ್ತದೆ. ಆಧಾರ ಕಟ್ಟೆಯ ಅಡಿಯಲ್ಲ, ಹೊಳೆಯ ಕ್ಯೂಸೆಕ್. ರಂಗನತಿಟ್ಟಿನಲ್ಲೂ ಹೊರಹರಿವು ಹೆಚ್ಚಿದಾಗ ದೋಣಿ ವಿಹಾರ ನಿಲ್ಲುತ್ತದೆ. ಇದೇ ಕ್ರಮ ಬಲಮುರಿಗೆ, ಶ್ರೀರಂಗಪಟ್ಟಣದ ಸಂಗಮಕ್ಕೆ, ಮೇಕೆದಾಟಿನ ಸಂಗಮಕ್ಕೆ ಒಂದೊಂದು ಜಾಗದ ಮಿತಿಯೊಂದಿಗೆ ಬರೆದ ನಿಯಮವಾಗಬೇಕು. ಮೇಕೆದಾಟಿನ ಲೆಕ್ಕದಲ್ಲಿ ಕನ್ನಂಬಾಡಿಯ ಜೊತೆಗೆ ಕಬಿನಿ ಬಿಟ್ಟ ನೀರನ್ನೂ ಕೂಡಿಸಬೇಕು. ಆ ನೀರು ತಡವಾಗಿ ಬರುವುದರಿಂದ ಅಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರಬಹುದು. ಹೊರಹರಿವನ್ನು ಹಂತಹಂತವಾಗಿ ಏರಿಸುವುದು, ಪ್ರತಿ ಹಂತಕ್ಕೂ ಮೊದಲು ಸೈರನ್ ಮೊಳಗಿಸುವುದು, ಘಟ್ಟದ ಫಲಕದಲ್ಲಿ ಆ ಹೊತ್ತಿನ ಕ್ಯೂಸೆಕ್ ಬರೆಯುವುದು ದುಬಾರಿ ಕೆಲಸಗಳಲ್ಲ. ದೋಣಿ ನಿಂತ ದಿನಗಳಲ್ಲಿ ಅಂಬಿಗರಿಗೆ ದಿನಗೂಲಿ ಕೊಡುವ ಏರ್ಪಾಡೂ ಇದರ ಭಾಗವಾಗಬೇಕು. ಹೊಟ್ಟೆಪಾಡು ಒತ್ತುತ್ತಿರುವಾಗ ನಿಷೇಧವೊಂದೇ ಹರಿಗೋಲನ್ನು ದಡದಲ್ಲಿ ಉಳಿಸದು.

ಓದುಗರಲ್ಲಿ ಒಂದು ವಿನಂತಿ: ಮಳೆಗಾಲದಲ್ಲಿ ಕಾವೇರಿಯ ದಡಕ್ಕೆ ಹೋಗುವ ದಿನ ಪತ್ರಿಕೆಯ ಜಲಾಶಯ ಮಟ್ಟದ ಅಂಕಣದಲ್ಲಿ ಹೊರಹರಿವಿನ ಸಾಲನ್ನು ಓದಿ, ಹಿಂದಿನ ದಿನದ್ದಕ್ಕೆ ಹೋಲಿಸಿ. ಅದು ಏರುತ್ತಿದ್ದರೆ ಹರಿಗೋಲು ಹತ್ತಬೇಡಿ. ಅಂಬಿಗ ಬೇಡ ಎಂದರೆ ಹೆಚ್ಚು ದುಡ್ಡು ಕೊಟ್ಟು ಅವನನ್ನು ಒಪ್ಪಿಸಬೇಡಿ.