ಗ್ರಾಫಿಕ್ಸ್ ಕಾರ್ಡಿಗೆ ಕರೆಂಟ್ ಕೊಡುವ ವೈರಿನ ನಲವತ್ತು ವರ್ಷ

ಮದುವೆ ವಿಡಿಯೋ ಎಡಿಟಿಂಗಿಗೆ ಈಗ ಯಾರೂ ಜಿಲ್ಲಾ ಕೇಂದ್ರಕ್ಕೆ ಓಡಬೇಕಿಲ್ಲ, ಹೋಬಳಿಯ ಸ್ಟುಡಿಯೋಗಳಲ್ಲೇ ಆಗುತ್ತದೆ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕು. ಹೊಸದು ದುಬಾರಿ ಎಂದು ಸೆಕೆಂಡ್ ಹ್ಯಾಂಡ್ ತರುತ್ತಾರೆ. ಕಾರ್ಡ್ ಬರುತ್ತದೆ, ಅದಕ್ಕೆ ಹೊಂದುವ ವೈರು ಬರುವುದಿಲ್ಲ. ಆಗ ಬರುವ ಯೋಚನೆ: ನಾವೇ ಒಂದು ವೈರು ಮಾಡಿಕೊಂಡರೆ ಆಗದೇ? ಆಗುತ್ತದೆ. ಆದರೆ ಈ ವೈರಿನ ಚರಿತ್ರೆ ಗೊತ್ತಿದ್ದರೆ ಅದು ಎಲ್ಲಿ ಸುಡುತ್ತದೆ ಎಂಬುದೂ ಗೊತ್ತಾಗುತ್ತದೆ.

1981ರಲ್ಲಿ ಐಬಿಎಂ ಕಂಪನಿ ತನ್ನ ಮೊದಲ ಪಿಸಿ ಮಾರಿದಾಗ ಇಡೀ ಯಂತ್ರದ ಪವರ್ ಸಪ್ಲೈ 63.5 ವ್ಯಾಟ್ ಇತ್ತು. ಹಳೇ ಕಾಲದ ಒಂದು 60 ವ್ಯಾಟ್ ಬಲ್ಬಿನಷ್ಟು. ಪರದೆಗೆ ಚಿತ್ರ ಕಳಿಸುವ ಕಾರ್ಡು ತನಗೆ ಬೇಕಾದ ಕರೆಂಟನ್ನು ತಾನು ಕೂತ ಸ್ಲಾಟಿನಿಂದಲೇ ಪಡೆಯುತ್ತಿತ್ತು. ಬೇರೆ ವೈರಿನ ಮಾತೇ ಇರಲಿಲ್ಲ.

1997ರಲ್ಲಿ ಎಜಿಪಿ ಸ್ಲಾಟಿನ ಕಂಪ್ಯೂಟರ್‌ಗಳು ಬಂದವು. ಮೂರು ಆಯಾಮದ ಆಟಗಳು ಹೆಚ್ಚಿದವು, ಕಾರ್ಡುಗಳ ಹಸಿವೂ ಹೆಚ್ಚಿತು. 2000ದಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ 5 5500 ಕಾರ್ಡಿಗೆ ಹಾರ್ಡ್ ಡಿಸ್ಕಿಗೆ ಹಾಕುವ ನಾಲ್ಕು ಪಿನ್ನಿನ ಪ್ಲಗ್ಗನ್ನೇ ಹಾಕಬೇಕಾಯಿತು. ರಿಪೇರಿ ಅಂಗಡಿಯವರು ಅದನ್ನು ಮೋಲೆಕ್ಸ್ ಎನ್ನುತ್ತಾರೆ. ನಿಜಕ್ಕೆ ಅದು ಅಮೆರಿಕದ ಒಂದು ಕಂಪನಿಯ ಹೆಸರು. ನಕಲು ತೆಗೆಯುವುದಕ್ಕೆಲ್ಲ ನಾವು ಜೆರಾಕ್ಸ್ ಎನ್ನುವ ಹಾಗೆ. 2004ರ ಜಿಫೋರ್ಸ್ 6800 ಅಲ್ಟ್ರಾಗೆ ಇಂಥ ಎರಡು ಪ್ಲಗ್ ಬೇಕಾದವು.

ಅದೇ 2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಬಂತು. ಈ ಸ್ಲಾಟ್ 75 ವ್ಯಾಟ್ ಕೊಡುತ್ತದೆ. ಸಾಲದಿದ್ದರೆ ಆರು ಪಿನ್ನಿನ ಪ್ಲಗ್‌ನಿಂದ ಇನ್ನೂ 75, ಆಮೇಲೆ ಬಂದ ಎಂಟು ಪಿನ್ನಿನ ಪ್ಲಗ್‌ನಿಂದ 150 ವ್ಯಾಟ್. ಹಳೆಯ ಪವರ್ ಸಪ್ಲೈಗಳಲ್ಲಿ ಈ ಪ್ಲಗ್ ಇರಲಿಲ್ಲ. ಎರಡು ಮೋಲೆಕ್ಸ್ ಸೇರಿಸಿ ಒಂದು ಆರು ಪಿನ್ ಮಾಡುವ ವೈರುಗಳು ಕಾರ್ಡಿನ ಡಬ್ಬಿಯಲ್ಲೇ ಬರತೊಡಗಿದವು. ಕೈ ಕೆಲಸ ಬಲ್ಲವರು ಅದನ್ನು ಮನೆಯಲ್ಲೇ ಮಾಡಿಕೊಂಡರು. ಹಳದಿ ವೈರು 12 ವೋಲ್ಟ್, ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್. ಇಷ್ಟು ತಿಳಿದರೆ ಸಾಕು ಎಂದು ಎಷ್ಟೋ ಜನ ಅಂದುಕೊಂಡರು.

ಸಾಲದು. ಮುಂದೆ ಬಿಟ್‌ಕಾಯಿನ್ ತರಹದ ನಾಣ್ಯಗಳ ಹುಚ್ಚು ಹಿಡಿದು ಒಂದೇ ಯಂತ್ರಕ್ಕೆ ಐದಾರು ಕಾರ್ಡು ಕಟ್ಟತೊಡಗಿದಾಗ ಅದು ಗೊತ್ತಾಯಿತು. ಹಾರ್ಡ್ ಡಿಸ್ಕಿನ ಸಾಟಾ ಪ್ಲಗ್‌ನಿಂದ ಆರು ಪಿನ್‌ಗೆ ಹೋಗುವ ಅಗ್ಗದ ವೈರನ್ನು ಜನ ಬಳಸಿದರು. ಸಾಟಾ ಪ್ಲಗ್‌ನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 54 ವ್ಯಾಟ್. ಅದರ ಮೇಲೆ 75 ವ್ಯಾಟ್ ಎಳೆದರೆ ಪ್ಲಾಸ್ಟಿಕ್ ಕರಗದೆ ಇನ್ನೇನಾದೀತು?

ಇಲ್ಲಿ ಒಂದು ಲೆಕ್ಕ ನೋಡಿ. 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಕಾರ್ಡು 450 ವ್ಯಾಟ್ ಎಳೆಯುತ್ತದೆ, ಅರ್ಧ ಎಚ್‌ಪಿ ಮೋಟರಿಗಿಂತ ಹೆಚ್ಚು. ಮೋಟರು ಓಡುವುದು 230 ವೋಲ್ಟಿನಲ್ಲಿ, ಎರಡು ಮೂರು ಆಂಪಿಯರ್ ಸಾಕು. ಕಾರ್ಡು ಓಡುವುದು 12 ವೋಲ್ಟಿನಲ್ಲಿ, ಅಂದರೆ 37.5 ಆಂಪಿಯರ್. ಆಂಪಿಯರ್ ಎರಡು ಪಟ್ಟಾದರೆ ಜಾಯಿಂಟಿನ ಬಿಸಿ ನಾಲ್ಕು ಪಟ್ಟಾಗುತ್ತದೆ. ಪಂಪ್‌ಸೆಟ್ ಸ್ಟಾರ್ಟರಿನಲ್ಲಿ ಸಡಿಲಾದ ಸ್ಕ್ರೂ ಹೇಗೆ ಕಪ್ಪಾಗುತ್ತದೆಂದು ರೈತರಿಗೆ ಹೇಳಿಕೊಡಬೇಕಿಲ್ಲ. ಇಲ್ಲೂ ಮೊದಲು ಸುಡುವುದು ವೈರಿನ ಮಧ್ಯಭಾಗವಲ್ಲ, ಪಿನ್ನು ಪಿನ್ನನ್ನು ಮುಟ್ಟುವ ಜಾಗ.

4090ಗೆ ಕೊಟ್ಟಿದ್ದು ಹೊಸ 16 ಪಿನ್ನಿನ ಪ್ಲಗ್. 600 ವ್ಯಾಟಿನವರೆಗೆ ಅದೊಂದೇ. ಕಾರ್ಡು ಬಂದ ತಿಂಗಳೊಳಗೇ ಪ್ಲಗ್ ಕರಗಿದ ಸುದ್ದಿ ಬಂತು. ಸುಮಾರು 50 ಪ್ರಕರಣ ಗೊತ್ತಾಗಿದೆ, ಪ್ಲಗ್ಗನ್ನು ಪೂರ್ತಿ ಒಳಗೆ ಒತ್ತದಿರುವುದು ಹೆಚ್ಚಿನವುಗಳಲ್ಲಿ ಕಂಡುಬಂತು ಎಂದು ಎನ್ವಿಡಿಯಾ ಹೇಳಿತು. ಅರ್ಧ ಕೂತರೂ ಕಾರ್ಡು ಓಡುವಂತೆ ಪ್ಲಗ್ ಮಾಡಿದ್ದು ಯಾರ ತಪ್ಪು ಎಂದು ಬಳಕೆದಾರರು ಕೇಳಿದರು. 2023ರಲ್ಲಿ ಪ್ಲಗ್ಗಿನ ವಿನ್ಯಾಸ ಬದಲಾಯಿತು, ಪೂರ್ತಿ ಕೂರದಿದ್ದರೆ ಕಾರ್ಡಿಗೆ ತಿಳಿಯಲಿ ಎಂದು ಸಣ್ಣ ಪಿನ್ನುಗಳನ್ನು ಗಿಡ್ಡ ಮಾಡಿದರು. ಕೇಳಿದ್ದು ವ್ಯರ್ಥವಾಗಲಿಲ್ಲ ಎಂದೇ ನಾವು ಓದಿಕೊಳ್ಳುತ್ತೇವೆ.

ವೈರು ಮಾಡುವುದನ್ನೇ ಕಸುಬಾಗಿಸಿಕೊಂಡ ಕೇಬಲ್‌ಮಾಡ್ ಕಂಪನಿಯೂ ಪಾರಾಗಲಿಲ್ಲ. ಈ ಪ್ಲಗ್ಗಿಗೆ ಅದು ಮಾರಿದ್ದ ಸುಮಾರು 25,300 ಅಡಾಪ್ಟರುಗಳನ್ನು 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ವಾಪಸ್ ಕರೆಯಬೇಕಾಯಿತು. ಬಿಸಿಯಾದ, ಕರಗಿದ ದೂರು 272 ಬಂದಿದ್ದವು.

ಹಾಗಾದರೆ ಮನೆಯಲ್ಲಿ ವೈರು ಮಾಡಲೇಬಾರದೇ? ಆರು, ಎಂಟು ಪಿನ್ನಿನದನ್ನು ಕೆಲಸ ಬಲ್ಲವರು ಮಾಡಬಹುದು. ತಾಮ್ರದ 18 ಗೇಜ್ ವೈರಿಗಿಂತ ತೆಳುವಾದುದು ಬೇಡ, 16 ಇದ್ದರೆ ಇನ್ನೂ ಒಳ್ಳೆಯದು. ಪಿನ್ನನ್ನು ಇಕ್ಕಳದಿಂದ ಜಜ್ಜಬೇಡಿ, ಕ್ರಿಂಪಿಂಗ್ ಟೂಲ್‌ನಿಂದಲೇ ಒತ್ತಿ. ಪ್ರೊಸೆಸರಿನ ಎಂಟು ಪಿನ್ನೂ ಕಾರ್ಡಿನ ಎಂಟು ಪಿನ್ನೂ ನೋಡಲು ಅಣ್ಣತಮ್ಮಂದಿರಂತೆ, ಆದರೆ ಪ್ಲಸ್ ಮತ್ತು ಗ್ರೌಂಡ್ ತಲೆಕೆಳಗು. ಬಿಚ್ಚಿ ಹಾಕುವ ವೈರಿನ ಪವರ್ ಸಪ್ಲೈಗಳಲ್ಲಿ ಡಬ್ಬಿಯ ಕಡೆಯ ಪಿನ್ನುಗಳಿಗೆ ಎಲ್ಲರೂ ಒಪ್ಪಿದ ಒಂದು ಕ್ರಮವಿಲ್ಲ. ಒಂದು ಕಂಪನಿಯ ವೈರು ಇನ್ನೊಂದರ ಡಬ್ಬಿಗೆ ಸಲೀಸಾಗಿ ಕೂತೀತು, ಸ್ವಿಚ್ ಒತ್ತಿದಾಗ ಕಾರ್ಡು ಹೋದೀತು. ಪವರ್ ಸಪ್ಲೈ ಬದಲಿಸಿದರೆ ಹಳೆಯ ವೈರನ್ನು ಎತ್ತಿಡಿ. ಹೊಸದನ್ನು ಕಾರ್ಡಿಗೆ ಸಿಗಿಸುವ ಮೊದಲು ಮಲ್ಟಿಮೀಟರಿನಲ್ಲಿ ಪ್ರತಿ ಪಿನ್ನನ್ನೂ ಒಂದೊಂದಾಗಿ ನೋಡಿ. 16 ಪಿನ್ನಿನದನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ, ಆ ಪವರ್ ಸಪ್ಲೈ ಮಾಡಿದವರೇ ಕೊಟ್ಟ ವೈರನ್ನು ಕೊನೆಯವರೆಗೆ ಒತ್ತಿ ಹಾಕಿ.