ತುರ್ಕ ರಾಷ್ಟ್ರೀಯತೆಯೂ ಆರ್ಮೀನಿಯನರೂ

ಕ್ರಿ. ಶ. 1851ರಲ್ಲಿ ಇಸ್ತಾಂಬುಲ್ ನಗರದಲ್ಲಿ ‘ಅಕಾಬಿಯ ಕಥೆ’ ಎಂಬ ಕಾದಂಬರಿಯೊಂದು ಅಚ್ಚಾಯಿತು. ಅದರ ಭಾಷೆ ತುರ್ಕಿ, ಲಿಪಿ ಆರ್ಮೀನಿಯನ್, ಕರ್ತೃ ವರ್ತಾನ್ ಪಾಷಾ ಎಂಬ ಆರ್ಮೀನಿಯನ್. ಸಾಹಿತ್ಯ ಚರಿತ್ರೆಕಾರರಾದರೋ 1872ರಲ್ಲಿ ಹೊರಬಂದ ಷೆಮ್ಸೆತ್ತಿನ್ ಸಾಮಿಯ ಕೃತಿಯನ್ನೇ ತುರ್ಕಿಯ ಪ್ರಥಮ ಕಾದಂಬರಿಯೆಂದು ಬಹುಕಾಲ ಪರಿಗಣಿಸುತ್ತ ಬಂದರು. 1991ರಲ್ಲಿ ಆಂಡ್ರಿಯಾಸ್ ಟೀಟ್ಸೆ ಎಂಬ ವಿದ್ವಾಂಸರು ಹಳೆಯ ಗ್ರಂಥವನ್ನು ಈಗಿನ ತುರ್ಕಿ ಲಿಪಿಗೆ ತಂದ ತರುವಾಯವೇ ಅದಕ್ಕೆ ಸಲ್ಲಬೇಕಾದ ಸ್ಥಾನದ ವಿಚಾರ ಚರ್ಚೆಗೆ ಬಂದಿತು. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಓದುವ ನಮ್ಮ ಕರಾವಳಿಯವರಿಗೆ ನುಡಿಯೊಂದು, ಲಿಪಿ ಮತ್ತೊಂದು ಎಂಬುದು ಸೋಜಿಗವೆನಿಸದು. ಆದರೆ ಇಲ್ಲಿ ಏಳುವ ಪ್ರಶ್ನೆ ಗಹನವಾದದ್ದು. ಭಾಷೆಯೇ ರಾಷ್ಟ್ರೀಯತೆಯ ತಳಹದಿಯಾಗಿದ್ದರೆ, ತುರ್ಕಿಯನ್ನೇ ಮನೆಮಾತಾಗಿ ಆಡುತ್ತಿದ್ದ ಅಸಂಖ್ಯ ಆರ್ಮೀನಿಯನರು ತುರ್ಕರೆನಿಸಲಿಲ್ಲವೇಕೆ?

ಆಟೊಮನ್ ಸಾಮ್ರಾಜ್ಯವು ತನ್ನ ಪ್ರಜೆಗಳನ್ನು ನುಡಿಯಿಂದ ವಿಂಗಡಿಸಿರಲಿಲ್ಲ. ‘ಮಿಲ್ಲೆತ್’ ಎಂದರೆ ಒಂದು ಮತಕ್ಕೆ ಸೇರಿದ ಸಮುದಾಯ. ಮದುವೆ, ದಾಯಭಾಗ, ವಿದ್ಯಾಭ್ಯಾಸ ಮೊದಲಾದವೆಲ್ಲ ಆಯಾ ಸಮುದಾಯದ ಧರ್ಮಗುರುಗಳ ಅಧೀನದಲ್ಲಿದ್ದುವು. ತುರ್ಕ, ಕುರ್ದ್, ಅರಬ, ಅಲ್ಬೇನಿಯನ್ ಮುಸಲ್ಮಾನರೆಲ್ಲರೂ ಒಂದೇ ಪಂಕ್ತಿಯವರು. ಆರ್ಮೀನಿಯನರು ಜಿಜಿಯಾ ತೆತ್ತು ಬಾಳುವ ಬೇರೊಂದು ಪಂಕ್ತಿಯವರು. ಸಮಾನತೆಯಿಲ್ಲದಿದ್ದರೂ ಅವರಿಗೆ ಸ್ಥಾನವೊಂದಿತ್ತು. ‘ನಿಷ್ಠಾವಂತ ಸಮುದಾಯ’ವೆಂಬ ಬಿರುದೂ ಇತ್ತು. 1856ರಲ್ಲಿ ಪೂರ್ಣಗೊಂಡ ಸುಲ್ತಾನರ ದೊಲ್ಮಬಾಹ್ಚೆ ಅರಮನೆ ಬಾಲ್ಯಾನ್ ಎಂಬ ಆರ್ಮೀನಿಯನ್ ಮನೆತನದ ಶಿಲ್ಪಿಗಳ ಕೃತಿ. ‘ತುರ್ಕ’ ಎಂಬ ಶಬ್ದವನ್ನಾದರೋ ಆಸ್ಥಾನದವರು ಅನಾತೋಲಿಯಾದ ಒರಟು ಹಳ್ಳಿಗನಿಗೆ ಅನ್ವಯಿಸುತ್ತಿದ್ದರು.

ಆ ಶಬ್ದಕ್ಕೆ ಗೌರವ ಬಂದದ್ದು ಸಾಮ್ರಾಜ್ಯ ಕುಗ್ಗಿದಂತೆಲ್ಲ. 1856ರ ಸುಧಾರಣಾ ಶಾಸನ ಎಲ್ಲ ಮತದವರಿಗೂ ಸಮಾನತೆಯನ್ನು ಘೋಷಿಸಿತು; 1869ರ ಕಾನೂನು ಎಲ್ಲರನ್ನೂ ಆಟೊಮನ್ ಪ್ರಜೆಗಳೆಂದು ಕರೆಯಿತು. ಆದರೆ 1904ರ ವೇಳೆಗೆ ಯೂಸುಫ್ ಅಕ್ಚುರಾ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಆಟೊಮನ್ ಐಕ್ಯ, ಇಸ್ಲಾಮೀ ಐಕ್ಯ, ತುರ್ಕ ಐಕ್ಯ ಎಂಬ ಮೂರು ಮಾರ್ಗಗಳನ್ನು ತೂಗಿ ನೋಡಿ, ಮೊದಲನೆಯದು ವ್ಯರ್ಥವೆಂದು ನಿರ್ಣಯಿಸಿದರು. ಅನಂತರ ಬಂದ ಝಿಯಾ ಗೊಕಾಲ್ಪ್ ರಾಷ್ಟ್ರವು ರಕ್ತದಿಂದಲ್ಲ, ಶಿಕ್ಷಣ ಸಂಸ್ಕೃತಿಗಳಿಂದ ಆಗತಕ್ಕದ್ದೆಂದು ವಾದಿಸಿದರು. ಈ ವಾದ ಉದಾರವಾಗಿ ತೋರುತ್ತದೆ. ಆದರೆ ಆ ಸಂಸ್ಕೃತಿಯ ಅಂಗಗಳಲ್ಲಿ ಭಾಷೆಯ ಜೊತೆಗೆ ಮತವನ್ನೂ ಅವರು ಸೇರಿಸಿದ್ದರೆಂಬುದು ಗಮನಾರ್ಹ. ಆರ್ಮೀನಿಯನರಿಗೆ ಬಾಗಿಲು ಮುಚ್ಚಿದ್ದು ಅಲ್ಲಿಯೇ.

ಅಷ್ಟರಲ್ಲಿ ಘಟನೆಗಳು ವಾದಗಳನ್ನು ಮೀರಿ ನಡೆದಿದ್ದುವು. ಆರ್ಮೀನಿಯನರಿದ್ದ ಪ್ರಾಂತಗಳಲ್ಲಿ ಸುಧಾರಣೆ ಮಾಡಬೇಕೆಂದು 1878ರ ಬರ್ಲಿನ್ ಒಪ್ಪಂದ ವಿಧಿಸಿದಂದಿನಿಂದ ಅವರು ಪರರಾಷ್ಟ್ರಗಳ ಕೈಗೊಂಬೆಗಳೆಂಬ ಶಂಕೆ ಬಲಿಯಿತು. 1894-96ರಲ್ಲಿಯೂ 1909ರಲ್ಲಿ ಅದಾನಾದಲ್ಲಿಯೂ ಕ್ರೂರವಾದ ಕೊಲೆಗಳು ನಡೆದುವು. 1912-13ರ ಬಾಲ್ಕನ್ ಯುದ್ಧಗಳಲ್ಲಿ ಯೂರೋಪಿನ ಭೂಮಿ ಬಹುತೇಕ ಕೈಬಿಟ್ಟು, ಲಕ್ಷಾಂತರ ಮುಸಲ್ಮಾನ ನಿರಾಶ್ರಿತರು ಅನಾತೋಲಿಯಾಕ್ಕೆ ಬಂದು ಸೇರಿದರು. ಮಹಾಯುದ್ಧದ ನಡುವೆ, 1915ರ ಏಪ್ರಿಲ್ 24ರಂದು, ಇಸ್ತಾಂಬುಲಿನ ಆರ್ಮೀನಿಯನ್ ಲೇಖಕರು, ಪತ್ರಕರ್ತರು, ಮುಖಂಡರು ಬಂಧಿತರಾದರು. ಮೇ ತಿಂಗಳಲ್ಲಿ ಗಡೀಪಾರಿನ ಕಾನೂನು ಹೊರಟಿತು. ಸಿರಿಯದ ಮರುಭೂಮಿಯತ್ತ ಅಟ್ಟಲ್ಪಟ್ಟವರು ದಾರಿಯುದ್ದಕ್ಕೂ ಕೊಲೆ, ಹಸಿವು, ರೋಗಗಳಿಗೆ ತುತ್ತಾದರು. ಸತ್ತವರ ಸಂಖ್ಯೆಯನ್ನು 6 ಲಕ್ಷದಿಂದ 15 ಲಕ್ಷದವರೆಗೆ ಅಂದಾಜು ಮಾಡಲಾಗಿದೆ. ಇದು ಜನಾಂಗಹತ್ಯೆಯೆಂಬುದು ಬಹುಮಂದಿ ಇತಿಹಾಸಕಾರರ ನಿರ್ಣಯ. ತುರ್ಕಿ ಸರ್ಕಾರ ಇದನ್ನು ಅಂಗೀಕರಿಸಿಲ್ಲ.

ಇದರೊಡನೆ ಮತ್ತೊಂದು ಸಂಗತಿಯನ್ನೂ ಪರಿಶೀಲಿಸಬೇಕು. ಅನೇಕ ಆರ್ಮೀನಿಯನ್ ಮಕ್ಕಳು ಹೆಸರನ್ನೂ ಮತವನ್ನೂ ಬದಲಿಸಿಕೊಂಡು ಮುಸಲ್ಮಾನ ಮನೆಗಳಲ್ಲಿ ಬೆಳೆದರು. ನ್ಯಾಯವಾದಿ ಫೆಥಿಯೆ ಚೆತಿನ್ 2004ರಲ್ಲಿ ತಮ್ಮ ಅಜ್ಜಿಯ ಕಥೆಯನ್ನು ಪ್ರಕಟಿಸಿದಾಗ ಇಂತಹ ಮೌನಗಳು ಬೆಳಕಿಗೆ ಬಂದುವು. ಸೆಹೆರ್ ಎಂಬ ಆ ಮುದುಕಿ ಹುಟ್ಟಿನಿಂದ ಹೆರಾನುಷ್ ಎಂಬ ಆರ್ಮೀನಿಯನ್ ಹುಡುಗಿ. ಮತಾಂತರವಾದೊಡನೆ ಆಕೆ ತುರ್ಕಳಾದಳೆಂದ ಮೇಲೆ, ಅಡ್ಡಿಯಾಗಿದ್ದದ್ದು ರಕ್ತವಲ್ಲ, ಭಾಷೆಯೂ ಅಲ್ಲ ಎಂಬುದು ಸ್ಪಷ್ಟ.

ಗಣರಾಜ್ಯ ಸ್ಥಾಪನೆಯಾದ 1923ರಲ್ಲಿಯೇ ಇದೇ ಅಳತೆಗೋಲು ಮತ್ತೆ ಬಳಕೆಗೆ ಬಂದಿತು. ಗ್ರೀಸಿನೊಡನೆ ನಡೆದ ಜನವಿನಿಮಯದಲ್ಲಿ ತುರ್ಕಿಯನ್ನಲ್ಲದೆ ಬೇರೆ ಭಾಷೆಯನ್ನರಿಯದ ಕ್ರೈಸ್ತರು ಗ್ರೀಸಿಗೆ ಹೊರಡಬೇಕಾಯಿತು. ಗ್ರೀಕ್ ನುಡಿಯುತ್ತಿದ್ದ ಕ್ರೀಟ್ ದ್ವೀಪದ ಮುಸಲ್ಮಾನರು ತುರ್ಕಿಗೆ ಬಂದಿಳಿದರು. ಮರುವರ್ಷದ ಸಂವಿಧಾನವಾದರೋ ತನ್ನ 88ನೆಯ ವಿಧಿಯಲ್ಲಿ, ಮತ ಜನಾಂಗಗಳ ಭೇದವಿಲ್ಲದೆ ತುರ್ಕಿಯ ಜನರೆಲ್ಲರೂ ಪೌರತ್ವದ ದೃಷ್ಟಿಯಿಂದ ತುರ್ಕರೆಂದು ಸಾರಿತು.

ಈ ವಿಧಿ ಎಷ್ಟರಮಟ್ಟಿಗೆ ಆಚರಣೆಗೆ ಬಂದಿತೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಇಸ್ತಾಂಬುಲಿನಲ್ಲಿ ಹುಟ್ಟಿದ ಆಗೋಪ್ ಮಾರ್ತಾಯಾನ್ ಎಂಬ ಆರ್ಮೀನಿಯನ್ ಭಾಷಾವಿದರು 1932ರ ತುರ್ಕಿ ಭಾಷಾ ಸಮ್ಮೇಳನಕ್ಕೆ ಆಹ್ವಾನಿತರಾಗಿ, ಭಾಷಾ ಸಂಸ್ಥೆಯಲ್ಲಿ ಪ್ರಧಾನ ತಜ್ಞರಾಗಿ ದುಡಿದರು. ಕುಲನಾಮದ ಕಾನೂನು ಬಂದಾಗ ಮುಸ್ತಫಾ ಕೆಮಾಲರು ಅವರಿಗೆ ‘ದಿಲಾಚರ್’, ಅಂದರೆ ನುಡಿಯನ್ನು ತೆರೆಯುವವನು, ಎಂಬ ಹೆಸರನ್ನಿತ್ತರು. ಅವರ ಗ್ರಂಥಗಳ ಮೇಲೆ ಅಚ್ಚಾದ ಹೆಸರು ಮಾತ್ರ ‘ಎ. ದಿಲಾಚರ್’ ಎಂದು, ಆಗೋಪ್ ಎಂಬ ಆರ್ಮೀನಿಯನ್ ನಾಮ ಒಂದೇ ಅಕ್ಷರದಲ್ಲಿ ಅಡಗಿತು.

ಎರಡನೆಯದು 1942ರ ನವೆಂಬರಿನ ಸಂಪತ್ತಿನ ತೆರಿಗೆ. ಕಾನೂನಿನ ಪಾಠದಲ್ಲಿ ಮತದ ಪ್ರಸ್ತಾಪವೇ ಇರಲಿಲ್ಲ. ಆದರೆ ತೆರಿಗೆಯ ಪಟ್ಟಿಗಳಲ್ಲಿ ಮುಸಲ್ಮಾನರಿಗೆ ಒಂದು ಅಕ್ಷರ, ಮುಸಲ್ಮಾನರಲ್ಲದವರಿಗೆ ಮತ್ತೊಂದು, ಪರದೇಶಿಗಳಿಗೆ ಬೇರೊಂದು, ಮತಾಂತರಗೊಂಡ ಯಹೂದ್ಯರ ಸಂತತಿಗೂ ಪ್ರತ್ಯೇಕವಾದ ಅಕ್ಷರವಿತ್ತು. ಆರ್ಮೀನಿಯನ್, ಗ್ರೀಕ್, ಯಹೂದ್ಯ ವರ್ತಕರಿಗೆ ಹಲವು ಪಟ್ಟು ಹೆಚ್ಚಿನ ಮೊತ್ತ ಬಿದ್ದಿತು. ಹದಿನೈದು ದಿನಗಳ ಗಡುವು, ಮೇಲ್ಮನವಿಗೆ ಅವಕಾಶವಿಲ್ಲ. ಅಂಗಡಿಗಳು ಹರಾಜಾದುವು, ತೆರಲಾರದ ಸಾವಿರಕ್ಕೂ ಮಿಕ್ಕ ಜನ ಅಷ್ಕಾಲೆ ಮೊದಲಾದೆಡೆಗಳ ಶ್ರಮ ಶಿಬಿರಗಳಿಗೆ ಹೋದರು. ಅವರಲ್ಲಿ ಮುಸಲ್ಮಾನರು ಒಬ್ಬರೂ ಇರಲಿಲ್ಲ. 1944ರಲ್ಲಿ ಕಾನೂನು ರದ್ದಾಯಿತು. ಕೈತಪ್ಪಿದ ಅಂಗಡಿಗಳು ಮರಳಲಿಲ್ಲ.

1996ರಲ್ಲಿ ಹ್ರಾಂತ್ ದಿಂಕ್ ‘ಆಗೋಸ್’ ಎಂಬ ವಾರಪತ್ರಿಕೆಯನ್ನು ತುರ್ಕಿ, ಆರ್ಮೀನಿಯನ್ ಎರಡೂ ಭಾಷೆಗಳಲ್ಲಿ ಆರಂಭಿಸಿದರು. ‘ತುರ್ಕತ್ವ’ಕ್ಕೆ ಅವಮಾನ ಮಾಡಿದರೆಂದು ನ್ಯಾಯಾಲಯ ಅವರಿಗೆ 2005ರಲ್ಲಿ ಶಿಕ್ಷೆ ವಿಧಿಸಿತು, 2007ರ ಜನವರಿ 19ರಂದು ಪತ್ರಿಕಾಲಯದ ಎದುರಿಗೇ ಅವರ ಕೊಲೆಯಾಯಿತು. ಅವರ ಅಂತ್ಯಯಾತ್ರೆಯಲ್ಲಿ ನಡೆದ ಸಹಸ್ರಾರು ತುರ್ಕರು, ತಾವೆಲ್ಲರೂ ಆರ್ಮೀನಿಯನರೆಂಬ ಫಲಕಗಳನ್ನು ಹಿಡಿದಿದ್ದರು. ಆ ಫಲಕಗಳು ತುರ್ಕಿ ಭಾಷೆಯಲ್ಲಿಯೂ ಇದ್ದುವು, ಆರ್ಮೀನಿಯನ್ ಭಾಷೆಯಲ್ಲಿಯೂ ಇದ್ದುವು. ವರ್ತಾನ್ ಪಾಷಾ ಒಂದೇ ಪುಸ್ತಕದಲ್ಲಿ ಕೂಡಿಸಿದ್ದ ಎರಡು ಜನರ ನುಡಿ ಲಿಪಿಗಳು ನೂರೈವತ್ತು ವರ್ಷಗಳ ತರುವಾಯ ಬೀದಿಯಲ್ಲಿ ಹೀಗೆ ಮತ್ತೆ ಜೊತೆಗೂಡಿದುವು. 1924ರ ವಿಧಿ ಕಾಗದದಲ್ಲಿ ಕೊಟ್ಟ ಸಮಾನತೆಯನ್ನು ಬಾಳಿನಲ್ಲಿ ಪಡೆಯುವ ಕಾರ್ಯ ತುರ್ಕಿಯಲ್ಲಿ ಇನ್ನೂ ಉಳಿದಿದೆ.